ಗುಡ್ಡದ ಮೇಲೆ ನೆಟ್ಟಗಿನ ಸಾಲು

ನಮ್ಮೂರು ಮೊರಬದ ಸಪಾಟು ಎರೆಹೊಲದಲ್ಲಿ ಬೆಳೆದವರಿಗೆ ಒಂದು ರೋಗವಿದೆ: ಸಾಲು ನೆಟ್ಟಗಿರಬೇಕು. ಬಿತ್ತಿದ ಸಾಲು ಸೊಟ್ಟಗಾದರೆ ದಾರಿಯಲ್ಲಿ ಹೋಗುವವರು ನಿಂತು, "ಕುಡದು ಬಿತ್ತಿದೇನಲೇ?" ಎಂದು ಕೇಳುತ್ತಾರೆ. ಈ ರೋಗವನ್ನು ನಾನು ಕಲಘಟಗಿ ಕಡೆಯ ಒಂದು ಬೋಳುಗುಡ್ಡಕ್ಕೆ ಹೊತ್ತುಕೊಂಡು ಹೋದೆ.

ಮಣ್ಣು ಕೊಚ್ಚಿಹೋಗಿ ಗರಸುಕಲ್ಲು ಎದ್ದಿದ್ದ ಆ ಗುಡ್ಡದಲ್ಲಿ ಗಿಡ, ಹುಲ್ಲು ಬೆಳೆಸುವ ಯೋಜನೆ ಬಂದಿತ್ತು. ಕೆಲಸದ ಉಸ್ತುವಾರಿ ನನ್ನದು. ಇಳಿಜಾರಿಗೆ ಅಡ್ಡಲಾಗಿ ಉದ್ದುದ್ದ ಗುಂಡಿ ತೋಡಿ, ತೆಗೆದ ಮಣ್ಣನ್ನು ಕೆಳದಂಡೆಗೆ ಹಾಕಿ, ಅದರ ಮೇಲೆ ಸಸಿ ನೆಟ್ಟು ಹುಲ್ಲಿನ ಬೀಜ ಉದುರಿಸಬೇಕು. ಗುಂಡಿ ಗುಡ್ಡದ ಮೈ ತಿರುಗಿದಂತೆ ತಿರುಗುತ್ತ ಉದ್ದಕ್ಕೂ ಒಂದೇ ಮಟ್ಟದಲ್ಲಿರಬೇಕು ಎಂದು ತರಬೇತಿಯಲ್ಲಿ ಹೇಳಿದ್ದರಂತೆ. ಆ ಹೊತ್ತಿಗೆ ನನ್ನ ಗಮನವೆಲ್ಲ ಉಪ್ಪಿಟ್ಟಿನ ಮೇಲಿತ್ತು.

ನಾನು ಹಗ್ಗ ಎಳೆದು ನೆಟ್ಟಗೆ ಗೆರೆ ಹಾಕಿಸಿ, ಅದರಂತೆಯೇ ಗುಂಡಿ ತೋಡಿಸತೊಡಗಿದೆ. ಕೂಲಿಗೆ ಬಂದಿದ್ದ ಅಕ್ಕ ಒಬ್ಬರಿಗೆ ಗುಡ್ಡದ ಬುಡದಲ್ಲೇ ಒಂದೆಕರೆ ಹೊಲವಿತ್ತು. ಅವರ ಮನೆ ನಡೆಯುತ್ತಿದ್ದದ್ದು ಅಲ್ಲಿ ಬೆಳೆಯುವ ಗೋವಿನಜೋಳದಿಂದ.

"ಸಾಹೇಬ್ರ, ಈ ಕಡಿ ತುದಿ ತಗ್ಗೈತ್ರಿ. ನೀರೆಲ್ಲಾ ಇಲ್ಲೇ ಬಂದು ಒಡೀತೈತಿ. ಕೆಳಗ ನನ್ನ ಹೊಲ ಐತ್ರಿ," ಎಂದರು.

"ಯಕ್ಕಾ, ಹಗ್ಗ ಸುಳ್ಳು ಹೇಳ್ತೈತೇನ್ರಿ?" ಎಂದೆ.

ಕೆಲಸ ನೋಡಲು ಬಂದ ನಮ್ಮ ಇಲಾಖೆಯ ದೊಡ್ಡ ಸಾಹೇಬರು ಜೀಪನ್ನು ರಸ್ತೆಯಲ್ಲೇ ನಿಲ್ಲಿಸಿದರು; ಗುಡ್ಡ ಹತ್ತಲಿಲ್ಲ. "ಅಗದಿ ಹಣಿಗಿಲೆ ಬಾಚಿದಂಗ ಐತಲ್ರಿ," ಎಂದು ಫೋಟೋ ತೆಗೆದುಕೊಂಡರು. ನಾನು ಉಬ್ಬಿಹೋದೆ.

ಎರಡನೆಯ ದೊಡ್ಡ ಮಳೆಗೆ ಗುಂಡಿಗಳ ನೀರೆಲ್ಲ ತಗ್ಗಿನ ತುದಿಗೆ ಓಡಿಬಂದು ದಂಡೆ ಒಡೆಯಿತು. ಸಸಿ, ಹುಲ್ಲಿನ ಬೀಜ, ಗರಸು ಒಟ್ಟಿಗೆ ಅಕ್ಕನ ಹೊಲಕ್ಕೆ ಇಳಿದವು. ಮೊಣಕಾಲೆತ್ತರ ಬಂದಿದ್ದ ಗೋವಿನಜೋಳ ಮಲಗಿ, ಅದರಡಿ ಹೂತುಹೋಯಿತು. ಅಕ್ಕ ಬಗ್ಗಿ, ಹೂತ ದಂಟುಗಳನ್ನು ಒಂದೊಂದಾಗಿ ಎತ್ತಿ ನಿಲ್ಲಿಸಲು ನೋಡಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ದೀಪಾವಳಿಯ ಹೊತ್ತಿಗೆ ಗುಡ್ಡ ಮೊದಲಿನಂತೆಯೇ ಬೋಳು. ಸರಕಾರಿ ಹುಲ್ಲು ಸೊಂಟದೆತ್ತರ ಬೆಳೆದು ನಿಂತದ್ದು ಅಕ್ಕನ ಹೊಲದಲ್ಲಿ ಮಾತ್ರ. ವರದಿಗೆ ಹುಲ್ಲಿನ ಫೋಟೋ ಬೇಕಾಗಿತ್ತು. ದೊಡ್ಡ ಸಾಹೇಬರು ಸುತ್ತ ಒಮ್ಮೆ ನೋಡಿ ನೇರ ಅಲ್ಲಿಗೇ ನಡೆದರು. ಅಕ್ಕನನ್ನು ಫಲಾನುಭವಿ ಎಂದು ಕರೆದು, ಕೈಗೆ ಕುಡಗೋಲು ಕೊಟ್ಟು, ಹುಲ್ಲಿನ ನಡುವೆ ನಿಲ್ಲಿಸಿದರು. ಮುಖ ಬಿಗಿದುಕೊಂಡಿದೆ, ಸ್ವಲ್ಪ ನಗಿಸಿ ಎಂದು ನನಗೆ ಹೇಳಿದರು.

"ಯಕ್ಕಾ, ಒಂದೀಟು ನಗ್ರಿ," ಎಂದೆ.

"ಇಲ್ಲಿ ಗೋವಿನಜ್ವಾಳ ಇದ್ದಿದ್ರ ನೀ ಹೇಳೂದು ಬೇಕಿದ್ದಿಲ್ಲ, ತಮ್ಮಾ," ಎಂದರು.