ಬೇಡ ಮೇಷ್ಟ್ರು

ಒಂದು ಕಂಪ್ಯೂಟರ್ ಪ್ರೋಗ್ರಾಮಿಂಗ್ ಭಾಷೆಯನ್ನು ನೋಡಿಕೊಳ್ಳುವ ಸಮಿತಿಯಲ್ಲಿ ಎಲ್ಲರಿಗಿಂತ ಹಿರಿಯರಾದ ಅವರಿಗೆ ಕಿರಿಯರು ಬೆನ್ನ ಹಿಂದೆ ಇಟ್ಟ ಹೆಸರು ‘ಬೇಡ ಮೇಷ್ಟ್ರು’. ಹೊಸ ಸೌಲಭ್ಯದ ಮಾತು ಬಂದರೆ ಸಾಕು, ಅವರು ಕನ್ನಡಕ ತೆಗೆದು ಶರಟಿನ ಅಂಚಿನಿಂದ ಒರೆಸತೊಡಗುತ್ತಾರೆ. ಇನ್ನು ‘ಬೇಡ’ ಎನ್ನುವುದೇ ಖಚಿತವೆಂದು ಅಲ್ಲಿಗೆ ಅರ್ಧ ಜನ ಕಾಗದ ಮಡಚಿಬಿಡುತ್ತಾರೆ. ಕ್ಯಾಂಟೀನಿನವನು ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಲೇ ಎಂದರೂ “ಆಮೇಲೆ ತೆಗೆಯೋಕಾಗುತ್ತಾ?” ಎನ್ನುತ್ತಾರೆ. ಈ ಭಾಷೆಯಲ್ಲಿ ಪಠ್ಯದ ನಡುವೆ ಒಂದು ಓರೆಗೆರೆ (\) ಬೇಕಿದ್ದರೆ ಎರಡು ಬರೆಯಬೇಕು. ಇಲ್ಲದಿದ್ದರೆ ಕಂಪ್ಯೂಟರು ಅದನ್ನು ಬೇರೇನೋ ಸನ್ನೆ ಎಂದುಕೊಳ್ಳುತ್ತದೆ. ಬರೆದದ್ದು ಬರೆದಂತೆಯೇ ಉಳಿಯುವ ‘ರಾ ಸ್ಟ್ರಿಂಗ್’ ಕೊಡಿ ಎಂದು ಜನ ಹನ್ನೊಂದು ವರ್ಷದಿಂದ ಗೋಗರೆಯುತ್ತಿದ್ದಾರೆ. “ಕೊಡೋದು ಒಂದು ದಿನದ ಕೆಲಸ ಕಣಮ್ಮ,” ಎಂದರು ಅವರು, ಈ ಸಲ ಅರ್ಜಿ ಹಿಡಿದು ಬಂದ ಎಂಜಿನಿಯರ್ ಹುಡುಗಿಗೆ. “ಪುಸ್ತಕಗಳನ್ನೆಲ್ಲ ತಿದ್ದೋರು ಯಾರು? ಹೊಸದಾಗಿ ಕಲಿಯೋರು ಇನ್ನೊಂದು ನಿಯಮ ಹೊರಬೇಕಲ್ಲ?” “ಹಾಗಾದ್ರೆ ಈ ಎರಡು ಗೆರೆ ನಿಯಮ ತಂದ ಪುಣ್ಯಾತ್ಮ ಯಾರು ಸಾರ್?” ಎಂದು ಅವಳು ರೇಗಿದಳು. ಕನ್ನಡಕ ಒರೆಸುತ್ತಿದ್ದ ಕೈ ನಿಂತಿತು. “ನಾನೇ. ಆಗ ನಂಗೆ ಇಪ್ಪತ್ತಾರು, ಊಟಕ್ಕೆ ಹೋಗೋ ಆತುರ. ಬರೆದು ತೋರಿಸಿದೆ, ಎಲ್ಲರೂ ಭೇಷ್ ಅಂದ್ರು,” ಎಂದ ಅವರು ಕನ್ನಡಕ ಹಾಕಿಕೊಳ್ಳುವುದನ್ನೇ ಮರೆತು ಕಿಟಕಿಯತ್ತ ನೋಡಿದರು. “ಒಬ್ರಾದ್ರೂ ಬೇಡ ಅನ್ನಲಿಲ್ಲವಲ್ಲಮ್ಮ.”