ಬಿಟ್ಟ ಗೂಟಗಳ ಬೆನ್ನು ಹತ್ತಿದ ಗೆರೆಯಕ್ಕ

ಗೆರೆಯಕ್ಕನಿಗೆ ಆಫೀಸಿನಲ್ಲಿ ಕುರ್ಚಿ ಇಲ್ಲ. ಆರು ವರ್ಷದ ಹಿಂದೆ ನಕ್ಷೆ ವಿಭಾಗ ಮುಚ್ಚಿದಾಗ ಅಲ್ಲಿದ್ದ ದೊಡ್ಡ ಮೇಜು ಬಾಗಿಲಲ್ಲಿ ಹಿಡಿಸದೆ ಉಳಿಯಿತು, ಕುರ್ಚಿ ಹೋಯಿತು. ಅಂದಿನಿಂದ ಅವರು ನಿಂತೇ ಕೆಲಸ ಮಾಡುತ್ತಾರೆ. ಇವತ್ತು ಬೆಳಗಿನ ಐದೂಮುಕ್ಕಾಲಿಗೆ ಆ ಮೇಜೂ ಎದುರಿಗಿಲ್ಲ. ಆಫೀಸಿನಿಂದ ನಲವತ್ತು ಕಿಲೋಮೀಟರ್ ದೂರದ ಬಯಲಿನಲ್ಲಿ, ಹೊಲದ ಬದುವಿನ ಮೇಲೆ, ಉದ್ದನೆಯ ಕಾಗದದ ಪಟ್ಟಿಯೊಂದನ್ನು ಎಡಗೈಗೆ ಸುತ್ತಿಕೊಂಡು ನಡೆಯುತ್ತಿದ್ದಾರೆ. ತುಟಿ ಅಲ್ಲಾಡುತ್ತಿದೆ. ಮಾತಲ್ಲ, ಲೆಕ್ಕ. ಎಂಬತ್ತು ಹೆಜ್ಜೆಗೆ ಒಂದು ಗೂಟ.

ಹತ್ತು ಮಾರು ಹಿಂದೆ ಗೂಟದಜ್ಜ ಬರುತ್ತಿದ್ದಾರೆ. ವಯಸ್ಸು ಎಪ್ಪತ್ತೊಂಬತ್ತು, ಕೈಯಲ್ಲಿ ಕೋಲು, ಬಾಯಲ್ಲಿ ನಾಲ್ಕು ಹಲ್ಲು. ನಲವತ್ತೈದು ವರ್ಷದ ಹಿಂದೆ ಈ ಬಯಲಿನಲ್ಲಿ ಗೂಟ ಹೊಡೆದವರ ಪೈಕಿ ಉಳಿದಿರುವುದು ಅವರೊಬ್ಬರೇ. ಇಬ್ಬರ ನಡುವೆ ಆಫೀಸಿನ ಯುವ ಭೂವಿಜ್ಞಾನಿ. ಉಪಗ್ರಹ ನೋಡಿ ಜಾಗ ಹೇಳುವ ಯಂತ್ರ ಅವನ ಕೈಯಲ್ಲಿದೆ. ಗೆರೆಯಕ್ಕ ಅದನ್ನು ನಂಬದೆ ಏನಿಲ್ಲ, ಆದರೆ ತಮ್ಮ ಕಾಲನ್ನು ಕೇಳದೆ ಅದರ ಮಾತಿಗೆ ಹೂಂಗುಟ್ಟುವುದಿಲ್ಲ.

ಅರವತ್ತನಾಲ್ಕನೇ ಗೂಟದ ಜಾಗದಿಂದ ಎಣಿಸುತ್ತ ಬಂದು ಸಾವಿರದ ಒಂಬೈನೂರ ಇಪ್ಪತ್ತನೇ ಹೆಜ್ಜೆಗೆ ಅವರು ನಿಲ್ಲುತ್ತಾರೆ. ಎದುರಿಗೆ ಮೊಣಕಾಲುದ್ದ ಕಳೆ ಬಿಟ್ಟರೆ ಏನೂ ಇಲ್ಲ. ಅಜ್ಜ ಬಂದು ಕೋಲಿನಿಂದ ಕಳೆ ಸರಿಸುತ್ತಾರೆ. ಕೆಳಗೆ ಸಾಲಾಗಿ ಕಲ್ಲು. ಯಾವುದೋ ಮನೆಯ ಪಾಯ.

"ಇದೇ ಮನೆ ತಾಯಿ. ಆಯಮ್ಮ ಪೊರಕೆ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ಲು. ಗೋಡೆ ಬಿರುಕು ಬಿಟ್ರೆ ನಿಮ್ಮಪ್ಪ ಬಂದು ಕಟ್ಟಿಸಿಕೊಡ್ತಾನಾ ಅಂದ್ಲು. ಎಂಬತ್ತೆಂಟನೇ ಗೂಟ ಬಿಟ್ಟು ಮುಂದೆ ಹೋದ್ವಿ."

ಗೆರೆಯಕ್ಕ ಪಟ್ಟಿ ಬಿಚ್ಚಿ ತೋರಿಸುತ್ತಾರೆ. ಎಂಬತ್ತೆಂಟರ ಜಾಗದಲ್ಲಿ ಬಿಳಿ ಖಾಲಿ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಒಂದು ಗುರುತು ಹಾಕುತ್ತಾರೆ. ಭೂವಿಜ್ಞಾನಿ ಯಂತ್ರ ನೋಡುತ್ತಾನೆ, ಪಾಯ ನೋಡುತ್ತಾನೆ, ಆಮೇಲೆ ಅವರನ್ನೇ ನೋಡುತ್ತ ನಿಲ್ಲುತ್ತಾನೆ. ಮೂವತ್ತೇಳು ಸಲ ಇದನ್ನು ನೋಡಿದ್ದಾನೆ. ಅವನಿಗೆ ಇನ್ನೂ ರೂಢಿಯಾಗಿಲ್ಲ.

ನೆಲದಡಿಯ ಎಣ್ಣೆ ಹುಡುಕುವವರು ಮೊದಲು ನೆಲದ ಮೇಲೆ ಗೆರೆ ಎಳೆಯುತ್ತಾರೆ. ಬಯಲಿನ ಉದ್ದಕ್ಕೂ ನೇರವಾಗಿ ಐವತ್ತು ಮೀಟರಿಗೊಂದು ನಂಬರಿನ ಗೂಟ. ಪ್ರತಿ ಗೂಟದ ಬಳಿ ಕುಳಿ ಕೊರೆದು ಸ್ವಲ್ಪ ಮದ್ದು ತುಂಬಿ ಸಿಡಿಸುತ್ತಾರೆ. ಸದ್ದು ಕೆಳಗಿಳಿದು ಬಂಡೆಯ ಪದರಗಳಿಗೆ ಬಡಿದು ವಾಪಸು ಬರುತ್ತದೆ. ಆ ಮಾರ್ದನಿಯನ್ನು ಯಂತ್ರಗಳು ಹಿಡಿದು ಉದ್ದನೆಯ ಕಾಗದದ ಮೇಲೆ ಬರೆಯುತ್ತವೆ. ಒಂದು ಗೆರೆಗೆ ಒಂದು ಸುರುಳಿ. ಅದನ್ನು ಓದಲು ಬಂದವರಿಗೆ ಮೂರು ಕಿಲೋಮೀಟರ್ ಆಳದ ಬಂಡೆ ಎಲ್ಲಿ ಬಾಗಿದೆ, ಎಲ್ಲಿ ಮುರಿದಿದೆ ಎಂದು ಕಾಣುತ್ತದೆ. ಆದರೆ ಆ ಗೆರೆ ಭೂಮಿಯ ಮೇಲೆ ಎಲ್ಲಿ ಹಾದಿತ್ತು ಎಂಬುದು ಸುರುಳಿಯಲ್ಲಿ ಇರುವುದಿಲ್ಲ. ಅದು ಬೇರೆ ನಕ್ಷೆಯಲ್ಲಿ, ಬೇರೆ ಪುಸ್ತಕದಲ್ಲಿ ಇರುತ್ತದೆ.

ಇಲ್ಲಿ ಆ ನಕ್ಷೆ ಮತ್ತು ಪುಸ್ತಕಗಳಿದ್ದ ಬೀರು ಸೋರುವ ನೀರಿನ ಪೈಪಿನ ಕೆಳಗಿತ್ತು. ಯಾರೋ ಬಾಗಿಲು ತೆರೆಯುವ ಹೊತ್ತಿಗೆ ಎಲ್ಲವೂ ಹಿಟ್ಟಿನ ಮುದ್ದೆಯಾಗಿತ್ತು. ಸುರುಳಿಗಳು ಉಳಿದವು, ನಲವತ್ತೊಂದು. ಎಂಬತ್ತು ಕಿಲೋಮೀಟರ್ ಉದ್ದ, ಅರವತ್ತು ಕಿಲೋಮೀಟರ್ ಅಗಲದ ಬಯಲಿನಲ್ಲಿ ಎಲ್ಲೋ ಹಾದುಹೋದ ಗೆರೆಗಳು. ಈ ತಿಂಗಳ ಕೊನೆಗೆ ಆಫೀಸು ಹೊಸ ಕಟ್ಟಡಕ್ಕೆ ಹೋಗುತ್ತಿದೆ. ಜಾಗ ಗೊತ್ತಿರುವ ಸುರುಳಿ ಅಲ್ಲಿಗೆ, ಗೊತ್ತಿಲ್ಲದ್ದು ರದ್ದಿಗೆ ಎಂದು ಆದೇಶವಾಗಿದೆ. ಇವತ್ತಿಗೆ ಇನ್ನು ನಾಲ್ಕೇ ದಿನ.

ಒಂಬತ್ತು ತಿಂಗಳ ಹಿಂದೆ ಈ ಕೆಲಸಕ್ಕೆ ಕೈ ಹಾಕುತ್ತೇನೆಂದು ಗೆರೆಯಕ್ಕ ಹೇಳಿದಾಗ ಮೇಲಧಿಕಾರಿ ನಕ್ಕಿದ್ದರಂತೆ. ಹತ್ತನೇ ತರಗತಿ ಮುಗಿಸಿ ನಕ್ಷೆಯ ಮೇಲೆ ಪಾರದರ್ಶಕ ಕಾಗದ ಇಟ್ಟು ತಿದ್ದುವ ಕೆಲಸಕ್ಕೆ ಸೇರಿದವರು ಅವರು. ಮೂವತ್ತೈದು ವರ್ಷ ಬೇರೆಯವರು ಎಳೆದ ಗೆರೆಯ ಮೇಲೆ ಗೆರೆ ಎಳೆದಿದ್ದಾರೆ. ಹಾಗೆ ಎಳೆಯುತ್ತ ಅವರ ಕಣ್ಣಿಗೆ ಬಿದ್ದದ್ದು ಗೆರೆಯಲ್ಲ, ಗೆರೆಯ ನಡುವಿನ ಖಾಲಿ. ಬಾವಿ, ಮನೆ, ಶಾಲೆ, ಸಮಾಧಿ ಇರುವಲ್ಲಿ ಮದ್ದು ಸಿಡಿಸುವಂತಿಲ್ಲ. ಅಲ್ಲಿನ ಗೂಟ ಬಿಡಬೇಕು. ಬಿಟ್ಟಲ್ಲೆಲ್ಲ ಸುರುಳಿಯಲ್ಲಿ ಬಿಳಿ ಉಳಿಯುತ್ತದೆ.

"ಹಲ್ಲುದುರಿದ ಬಾಯಿ ನೋಡಿ ಇದು ಯಾರ ಬಾಯಿ ಅಂತ ಹೇಳೋ ಕೆಲಸ ನಂದು. ಎಲ್ಲರಿಗೂ ಒಂದೇ ಹಲ್ಲು ಬಿದ್ದಿರಲ್ಲ, ನೋಡಿ."

ಅವರು ಪ್ರತಿ ಸುರುಳಿಗೂ ಒಂದು ಪಾರದರ್ಶಕ ಪಟ್ಟಿ ಮಾಡಿದರು. ಅದರಲ್ಲಿ ಗೂಟಗಳನ್ನು ಗುರುತು ಹಾಕಿ, ಬಿಟ್ಟ ಗೂಟಗಳ ಜಾಗವನ್ನಷ್ಟೇ ಖಾಲಿ ಉಳಿಸಿದರು. ಆ ಕಾಲದಲ್ಲಿ ವಿಮಾನದಿಂದ ತೆಗೆದ ಬಯಲಿನ ಚಿತ್ರಗಳನ್ನು ಹುಡುಕಿ ತೆಗೆದು ಬಾವಿ, ಮನೆ, ಸಮಾಧಿಗಳನ್ನೆಲ್ಲ ಒಂದು ನಕ್ಷೆಗೆ ಇಳಿಸಿದರು. ಆಮೇಲೆ ಆ ನಕ್ಷೆಯ ಮೇಲೆ ಪಟ್ಟಿಯನ್ನು ಅಂಗುಲ ಅಂಗುಲ ಜರುಗಿಸಿದರು. ಬಿಳಿಗಳೆಲ್ಲ ಒಟ್ಟಿಗೆ ಬಾವಿ, ಮನೆಗಳ ಮೇಲೆ ಕೂರುವವರೆಗೆ. ಕೋಣೆಯಲ್ಲಿ ತಂತಿ ಕಟ್ಟಿ ಬಟ್ಟೆಯ ಕ್ಲಿಪ್ಪಿನಲ್ಲಿ ನಲವತ್ತೊಂದು ಪಟ್ಟಿ ಸಿಕ್ಕಿಸಿದ್ದರು. ಫ್ಯಾನ್ ಹಾಕಿದರೆ ಹಾರುತ್ತವೆಂದು ಬೇಸಿಗೆಯಿಡೀ ಫ್ಯಾನ್ ಹಾಕಲಿಲ್ಲ.

ಈಗ ಕಾಲಡಿ ಇರುವುದು ಇಪ್ಪತ್ತೊಂಬತ್ತನೇ ಗೆರೆ. ಇದನ್ನು ಭೂವಿಜ್ಞಾನಿ ಮೊದಲು ಕಂಪ್ಯೂಟರಿಗೆ ಕೊಟ್ಟಿದ್ದ. ಅದು ಒಂದು ವಾರ ತಿಣುಕಿ ನೂರ ಹದಿನಾಲ್ಕು ಜಾಗ ಹೇಳಿತು. ಗೆರೆಯಕ್ಕ ಹನ್ನೊಂದು ದಿನ ತೆಗೆದುಕೊಂಡು ಒಂದು ಹೇಳಿದರು.

"ನಾನು ಓದಿದ್ದೆಲ್ಲ ನೆಲದ ಕೆಳಗಿಂದು," ಎನ್ನುತ್ತಾನೆ ಅವನು. "ಅಕ್ಕ ನೋಡೋದು ಮೇಲಿಂದು. ಅಲ್ಲಿ ಯಾರು ಬದುಕಿದ್ರು, ಯಾರು ಜಗಳ ತೆಗೆದ್ರು, ಎಲ್ಲಾ ಈ ಕಾಗದದಲ್ಲಿದೆ ಅಂತ ನಮ್ಮ ಮೇಷ್ಟ್ರಿಗೂ ಗೊತ್ತಿರಲಿಲ್ಲ."

ತಪ್ಪಿಲ್ಲದೆ ನಡೆದ ಕೆಲಸವೇನಲ್ಲ ಇದು. ಹದಿನೇಳನೇ ಗೆರೆಯಲ್ಲಿ ಅವರು ಎಡವಿದ್ದರು. ಪಟ್ಟಿ ನಕ್ಷೆಯ ಮೇಲೆ ಸೊಗಸಾಗಿ ಕೂತಿತ್ತು. ಬಯಲಿಗೆ ಹೋಗಿ ಒಂಬತ್ತು ಕಿಲೋಮೀಟರ್ ನಡೆದರೂ ಇರಬೇಕಾದಲ್ಲಿ ಬಾವಿಯಿಲ್ಲ. ಆಗಲೇ ಅವರು ಗೂಟದಜ್ಜನನ್ನು ಹುಡುಕಿಕೊಂಡು ಹೋದದ್ದು. ಅಜ್ಜ ಪಟ್ಟಿ ನೋಡಿ ಕೇಳಿದ್ದು ಒಂದೇ ಮಾತು, ಒಂದನೇ ಗೂಟ ಯಾವ ಕಡೆ ಇಟ್ಟಿದ್ದೀಯ ಅಂತ. ಪಶ್ಚಿಮಕ್ಕೆ ಎಂದರು ಇವರು. ನಕ್ಷೆಯವರೆಲ್ಲ ಹಾಗೇ ಎಣಿಸುವುದು, ಎಡದಿಂದ ಬಲಕ್ಕೆ.

"ನಿಮಗೆ ನಕ್ಷೆ, ನಮಗೆ ದಾಹ," ಎಂದರು ಅಜ್ಜ. "ನೀರಿದ್ದ ಕಡೆ ಬಿಡಾರ. ಬಿಡಾರ ಎಲ್ಲೋ ಒಂದನೇ ಗೂಟ ಅಲ್ಲೇ."

ಒಂದನೇ ಗೂಟ ಪೂರ್ವಕ್ಕೆ ಬರುವಂತೆ ಪಟ್ಟಿ ತಿರುಗಿಸಿ ಇಟ್ಟರೆ ಗೆರೆ ಹನ್ನೊಂದು ಕಿಲೋಮೀಟರ್ ಆಚೆ ಹೋಗಿ ಕೂತಿತು. ಅಲ್ಲಿ ಬಾವಿ ಇತ್ತು. ಗೆರೆಯಕ್ಕ ಅದುವರೆಗೆ ಹೊಂದಿಸಿದ್ದ ಒಂಬತ್ತನ್ನೂ ಕಿತ್ತು ಮತ್ತೆ ಮೊದಲಿನಿಂದ ನೋಡಿದರು. ಅವುಗಳಲ್ಲೂ ಎರಡು ತಿರುಗುಮುರುಗಾಗಿದ್ದವು. ಯಾರೂ ಕೇಳುವ ಮೊದಲೇ ಮೇಲಧಿಕಾರಿಯ ಬಳಿ ಹೋಗಿ, ಮೂರು ತಪ್ಪಾಗಿತ್ತು, ಸರಿ ಮಾಡಿದ್ದೇನೆ ಎಂದು ಹೇಳಿ ಬಂದರು.

ಮನೆಯಲ್ಲಿ ಅವರ ಯಜಮಾನರು ದರ್ಜಿ. ಮುಂದಿನ ಕೋಣೆಯ ಅರ್ಧ ಜಾಗ ಹೊಲಿಗೆ ಯಂತ್ರಕ್ಕೆ, ಉಳಿದರ್ಧ ಕತ್ತರಿಸಿದ ಬಟ್ಟೆಗೆ. ಚೌಕಳಿ ಬಟ್ಟೆಯ ಎರಡು ತುಂಡನ್ನು ಗೆರೆ ತಪ್ಪದಂತೆ ಕೂಡಿಸುವುದರಲ್ಲಿ ಅವರದು ಎತ್ತಿದ ಕೈ. ಇವಳಿಗೆ ಹೊಂದಿಸೋದು ಕಲಿಸಿದ್ದೇ ನಾನು ಎಂದು ಬಂದವರೆದುರು ಜಂಬ ಕೊಚ್ಚಿಕೊಳ್ಳುತ್ತಾರೆ. ಅದರ ಹಿಂದೆಯೇ ದೂರು. "ಊರಿಗೆಲ್ಲ ಎಣ್ಣೆ ಹುಡುಕ್ತಾಳೆ. ನಮ್ಮನೆ ಬಾಗಿಲು ಕಿರುಗುಟ್ಟಿ ಎರಡು ವರ್ಷ ಆಯ್ತು." ಒಳಗಿಂದ ಗೆರೆಯಕ್ಕನ ಉತ್ತರ ಬರುತ್ತದೆ, ಹೊಲಿಗೆ ಯಂತ್ರಕ್ಕೆ ಹಾಕೋ ಎಣ್ಣೆ ಎರಡು ಹನಿ ಬಾಗಿಲಿಗೂ ಬಿಟ್ಟರೆ ಕೈ ಸವೆಯಲ್ಲ ಅಂತ.

ಗೆರೆಯಕ್ಕನ ಮೊಣಕಾಲು ಸವೆದಿದೆ. ನಿಂತು ನಿಂತು ಕಾಲಿನ ನರ ಗಂಟುಗಟ್ಟಿದೆ. ಆದರೂ ವಾರದಲ್ಲಿ ಮೂರು ದಿನ ಬಯಲು, ಮೂರು ದಿನ ಮೇಜು. ಈ ಒಂಬತ್ತು ತಿಂಗಳಲ್ಲಿ ನಡೆದದ್ದು ಐನೂರು ಕಿಲೋಮೀಟರಿಗೂ ಹೆಚ್ಚು.

ಇಪ್ಪತ್ತೊಂಬತ್ತನೇ ಗೆರೆ ಮಧ್ಯಾಹ್ನದ ಹೊತ್ತಿಗೆ ಪೂರ್ತಿ ಸಿಗುತ್ತದೆ. ಜಾಗ ಸಿಕ್ಕವುಗಳಲ್ಲಿ ಅದು ಮೂವತ್ತೆಂಟನೆಯದು. ಉಳಿದದ್ದು ಮೂರು. ಆ ಮೂರೂ ಮೊದಲ ದಿನದಿಂದ ತಂತಿಯ ಕೊನೆಯಲ್ಲೇ ಇವೆ, ಏಕೆಂದರೆ ಅವುಗಳಲ್ಲಿ ಒಂದೂ ಬಿಳಿಯಿಲ್ಲ. ಬಾವಿ, ಮನೆ, ಸಮಾಧಿ ಯಾವುದೂ ಅಡ್ಡ ಬರದ ಬರಡು ನೆಲದಲ್ಲಿ ಹಾದ ಗೆರೆಗಳು. ಒಂದು ಗೂಟವನ್ನೂ ಬಿಟ್ಟಿಲ್ಲ. ಬೇರೆ ಗೆರೆಯನ್ನು ದಾಟಿದ್ದರೆ ಕೂಡುವ ಜಾಗದಲ್ಲಿ ಬಂಡೆಯ ಪದರ ಹೊಂದಿಸಿ ಪತ್ತೆ ಹಚ್ಚಬಹುದಿತ್ತು. ಇವು ಯಾವುದನ್ನೂ ದಾಟುವುದಿಲ್ಲ. ನಲವತ್ತೊಂದರಲ್ಲಿ ಇಷ್ಟು ಚೊಕ್ಕವಾಗಿ ಬಂದ ಸುರುಳಿ ಬೇರೆ ಇಲ್ಲ ಎನ್ನುತ್ತಾನೆ ಭೂವಿಜ್ಞಾನಿ.

ಗೆರೆಯಕ್ಕ ಅಜ್ಜನನ್ನು ಕರೆದುಕೊಂಡು ಮೂರು ದಿನ ಆ ಬರಡಿನಲ್ಲಿ ತಿರುಗುತ್ತಾರೆ. ಮೂರನೇ ದಿನ ಅಜ್ಜ ಕೋಲೂರಿ ನಿಂತುಬಿಡುತ್ತಾರೆ.

"ಇಲ್ಲಿ ಯಾರೂ ನಮ್ಮ ಹತ್ರ ಜಗಳ ಆಡ್ಲಿಲ್ಲ ತಾಯಿ. ಏನು ನೆನಪಿಟ್ಕೊಳ್ಳಲಿ?"

ಇನ್ನು ಹತ್ತು ದಿನ ಕೊಡಿ ಎಂದು ಭೂವಿಜ್ಞಾನಿ ಬರೆದ ಪತ್ರಕ್ಕೆ ಆಗುವುದಿಲ್ಲವೆಂದು ಉತ್ತರ ಬಂದಿದೆ. ಕೊನೆಯ ದಿನ ಸಂಜೆ ಮೂವತ್ತೆಂಟು ಸುರುಳಿ ಪೆಟ್ಟಿಗೆಗೆ ಹೋಗುತ್ತವೆ. ಮೂರನ್ನು ರದ್ದಿಯವನು ತೂಕ ಹಾಕದೆ ಹೆಗಲ ಮೇಲೆ ಎತ್ತಿಕೊಂಡು ಹೋಗುತ್ತಾನೆ. ಭೂವಿಜ್ಞಾನಿ ವರದಿಯಲ್ಲಿ ಸಿಕ್ಕಿದ್ದನ್ನೆಲ್ಲ ಬರೆದು, ಗೆರೆಯಕ್ಕನನ್ನು ಹೊಗಳಿ ಎರಡು ಸಾಲು ಸೇರಿಸಿ ಓದಿ ಹೇಳುತ್ತಾನೆ. ಹೊಗಳಿಕೆ ತೆಗೆದುಹಾಕು, ಆ ಜಾಗದಲ್ಲಿ ನಾನು ಹೇಳಿದ್ದು ಬರೆ ಎನ್ನುತ್ತಾರೆ ಅವರು. ಮೇಜಿನ ಅಂಚು ಹಿಡಿದು ನಿಂತು ಹೇಳುತ್ತಾರೆ, ಅವನು ಬರೆಯುತ್ತಾನೆ.

ಕಳೆದದ್ದು: ಮೂರು ಗೆರೆ, ಐವತ್ತೆಂಟು ಕಿಲೋಮೀಟರ್, ಸಾವಿರದ ನೂರ ಅರವತ್ತಮೂರು ಕುಳಿ.