ಹೊಂಗೆ ಮರದ ಕೋಟು

ಮದ್ದೂರಿನ ಹೊರಗೆ ಒಂದು ಕಬ್ಬಿನ ಗದ್ದೆಯಲ್ಲಿ ಮೂರು ಯಂತ್ರಗಳನ್ನು ಮೇಯಿಸುವುದು ನನ್ನ ಕೆಲಸ. ಮೇಲೆ ಒಂದು ಡ್ರೋನು, ಸಾಲಿನೊಳಗೆ ಡ್ರೈವರಿಲ್ಲದ ಕಳೆ ಕೊಚ್ಚುವ ಗಾಡಿ, ಬದುವಿನ ಮೇಲೆ ಹೊರೆ ಹೊರುವ ಗಾಡಿ. ಮೂರನ್ನೂ ಮಾಡಿದವರು ಬೇರೆ ಬೇರೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಸಂಸಾರ. ಟ್ಯಾಬ್ ಹಿಡಿದು ರಾಜಿ ಮಾಡಿಸುವವಳು ನಾನು.

ಅದೇ ಗದ್ದೆಗೆ ಒಣ ಸೋಗೆ ಬಿಡಿಸಲು ಹೆಂಗಸರೂ ಬರುತ್ತಾರೆ. ಅವರಲ್ಲಿ ನಮ್ಮವ್ವನೂ ಒಬ್ಬಳು. ಆಳೆತ್ತರದ ಕಬ್ಬಿನಲ್ಲಿ ಡ್ರೋನಿಗೂ ತಲೆ ಕಾಣುವುದಿಲ್ಲ. ಹಾಗಾಗಿ ಎಲ್ಲರಿಗೂ ಚಿಪ್ ಇರುವ ಹಳದಿ ಕೋಟು ಕೊಟ್ಟಿದ್ದೆವು. ಕೋಟು ಇದ್ದಲ್ಲಿ ಮನುಷ್ಯರಿದ್ದಾರೆಂದು ಯಂತ್ರಗಳು ತಿಳಿಯುತ್ತವೆ, ಹತ್ತಿರ ಬಂದರೆ ನಿಲ್ಲುತ್ತವೆ. "ಎದುರ್ಕಬ್ಯಾಡಿ, ಅದು ನಿಂತೇ ನಿಲ್ತದೆ" ಎಂದು ಎಲ್ಲರಿಗೂ ಧೈರ್ಯ ಹೇಳಿದವಳು ನಾನೇ. ನನಗೇ ಅಷ್ಟು ಧೈರ್ಯವಿರಲಿಲ್ಲ ಅನ್ನುವುದು ಬೇರೆ ಮಾತು.

ಅವತ್ತು ಊಟ ಮುಗಿದಿತ್ತು. ಪರದೆಯ ಮೇಲೆ ಅವ್ವನ ಹಳದಿ ಚುಕ್ಕೆ ಹೊಂಗೆ ಮರದಡಿ ಇತ್ತು, ಉಳಿದವು ಗದ್ದೆಯ ಆಚೆ ತುದಿಯಲ್ಲಿ. ಕೂತಿದ್ದಾಳೆ, ಕೂತಿರಲಿ ಎಂದು ಕಳೆಗಾಡಿಯನ್ನು ಈಚೆ ಸಾಲಿಗೆ ಬಿಟ್ಟೆ. ಅದು ಒಳಹೊಕ್ಕ ಮೇಲೆ ನಾನು ಸುಮ್ಮನೆ ಮರದ ಕಡೆ ನೋಡಿದೆ. ಕೊಂಬೆಗೆ ಬರೀ ಕೋಟು ನೇತಾಡುತ್ತಿತ್ತು. ಅವ್ವ ಇರಲಿಲ್ಲ.

ಎಲ್ಲವನ್ನೂ ನಿಲ್ಲಿಸುವ ಕೆಂಪು ಗುಂಡಿ ಒತ್ತಿದೆ. ಡ್ರೋನು ಇಳಿದು ಕೂತಿತು, ಹೊರೆಗಾಡಿ ನಿಂತಿತು. ಕಳೆಗಾಡಿ ನಿಲ್ಲಲಿಲ್ಲ. ಕಬ್ಬಿನೊಳಗೆ ಅದಕ್ಕೆ ನನ್ನ ಮಾತು ಮುಟ್ಟಿಸುತ್ತಿದ್ದುದೇ ಡ್ರೋನು. ಮಾತು ಮುಟ್ಟದಿದ್ದರೆ ಹಿಡಿದ ಸಾಲು ಮುಗಿಸಿಯೇ ಬರುವುದು ಅದರ ಗುಣ.

"ಅವ್ವಾ, ಈಚೆಗೆ ಬಾ" ಎಂದು ಕಿರುಚಿದೆ. ಅದೇ ಸಾಲಿನಿಂದ ನಿಧಾನವಾಗಿ ಉತ್ತರ ಬಂತು: "ಬರ್ಲಿ ಬುಡು ಮಗ. ನಿಂತ್ಕತದೆ ಅಂತ ನೀನೇ ಯೋಳಿದ್ದಲ್ಲ."

ಆ ಮಾತು ಕೇಳಿ ನನಗಾದ ಭಯ ಈ ಜನ್ಮದಲ್ಲಿ ಮತ್ತೆ ಬೇಡ. ಪಕ್ಕದ ಸಾಲಿಗೆ ನುಗ್ಗಿದೆ. ಗರಿ ಮುಖ ಸೀಳಿದ್ದು ಗೊತ್ತಾಗಲಿಲ್ಲ. ಗಾಡಿಯನ್ನು ದಾಟಿ ಅದಕ್ಕೂ ಅವ್ವನಿಗೂ ನಡುವೆ ಹೋಗಿ ನಿಂತೆ. ನನ್ನ ಮೈಮೇಲೆ ಕೋಟು ಇತ್ತು. ಊರಿಗೆಲ್ಲ ಹೇಳಿದ್ದನ್ನು ಈಗ ನಾನು ನಂಬಬೇಕಿತ್ತು. ನಂಬಲಾಗಲಿಲ್ಲ, ಕಣ್ಣು ಮುಚ್ಚಿಕೊಂಡೆ.

ಕತ್ತಿಯ ಸದ್ದು ನಿಂತಿತು. ಕೊಚ್ಚಿದ ಹುಲ್ಲಿನ ವಾಸನೆ ಮೂಗಿಗೆ ಅಡರಿತು. ನಾನು ಕಣ್ಣು ಬಿಟ್ಟು ಅವ್ವನ ಕಡೆ ನೋಡಿದೆ.

"ಒಸ ಬಟ್ಟೆ ಕಣವ್ವ, ಕಬ್ಬಿನ ಕಪ್ಪು ಮೆತ್ಕಂಡ್ರೆ ಓಗಕ್ಕಿಲ್ಲ ಅಂತ ಬಿಚ್ಚಿಟ್ಟೆ," ಎಂದಳು ಅವ್ವ. "ನಿಂದು ನೋಡು, ಎಂಗಾಗದೆ."

ಈಗ ಅವ್ವ ಕೋಟು ಬಿಚ್ಚುವುದಿಲ್ಲ. ಗುಂಡಿ ಒತ್ತಿದರೂ ಡ್ರೋನು ಎಲ್ಲಕ್ಕಿಂತ ಕಡೆಗೆ ಇಳಿಯುವಂತೆ ಮಾಡಿಸಿದ್ದೇವೆ. ಆದರೂ ಮರದಡಿ ಆ ಚುಕ್ಕೆ ಕಂಡರೆ ಟ್ಯಾಬ್ ಬಿಟ್ಟು ಓಡುತ್ತೇನೆ. ಅವ್ವ ಮುದ್ದೆ ಮುರಿಯುತ್ತಾ ಕೂತಿರುತ್ತಾಳೆ. "ಉಣ್ಣಾಕೂ ಬುಡಕಿಲ್ವಲ್ಲ ನೀನು," ಅನ್ನುತ್ತಾಳೆ. ಕೋಟಿನ ಮೇಲಿಂದ ಅವಳ ಭುಜ ಮುಟ್ಟಿ ನೋಡಿ ವಾಪಸು ಬರುತ್ತೇನೆ.